ಎದ್ದು ಹೋಗುತ್ತಿದ್ದ ನಾನು

ಮದುವೆಯಾದ ಹೊಸತರಲ್ಲಿ ನಾವು ನಾಲ್ಕೈದು ಹೆಂಗಸರು ಸೇರಿ ಊರಿನ ಟಾಕೀಸಿಗೆ ಮ್ಯಾಟಿನಿ ನೋಡಲು ಹೋಗುತ್ತಿದ್ದೆವು. ತೆರೆಯ ಮೇಲೆ ಸಿಲ್ಕ್ ಸ್ಮಿತಾ ಬಂದೊಡನೆ ಒಬ್ಬಳಿಗೆ ಮಗುವಿನ ಹಾಲು ನೆನಪಾಗುತ್ತಿತ್ತು, ಇನ್ನೊಬ್ಬಳಿಗೆ ಕಡಲೇಕಾಯಿ. ನಾನೂ ಸೆರಗು ಸರಿಮಾಡಿಕೊಂಡು ಎದ್ದು ಹೊರಗೆ ನಿಲ್ಲುತ್ತಿದ್ದೆ. ಆ ಕುಣಿತ ನೋಡದಿರುವುದೇ ಮರ್ಯಾದಸ್ಥ ಹೆಣ್ಣಿನ ಲಕ್ಷಣವೆಂದು ನನ್ನ ನಂಬಿಕೆ.

1993ರಲ್ಲಿ ಹಿಂದಿಯ 'ಖಳನಾಯಕ್' ಬಂತು. ಅದರ ರವಿಕೆಯ ಹಾಡು ಅಶ್ಲೀಲವೆಂದು ದೊಡ್ಡ ಗಲಾಟೆಯೆದ್ದು ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಆದರೆ ಕುಣಿದವರು ಮಾಧುರಿ ದೀಕ್ಷಿತ್. ಹೆಜ್ಜೆ ಕಲಿಸಿದ ಸರೋಜ್ ಖಾನ್ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ನಮ್ಮ ಮನೆಯ ಸಮಾರಂಭವೊಂದರಲ್ಲಿ ಒಂಬತ್ತು ವರ್ಷದ ಹುಡುಗಿ ಅದೇ ಹಾಡಿಗೆ ಕುಣಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು!

ಎದ್ದು ಹೋಗುತ್ತಿದ್ದವಳು ಈಗೇಕೆ ಕೂತೆ? ಸೊಂಟದ ಬಳುಕಿನಲ್ಲಿ ವ್ಯತ್ಯಾಸವಿರಲಿಲ್ಲ. ಕಥೆಯಲ್ಲಿ ಮಾಧುರಿ ಪೊಲೀಸಿನವಳು, ಖಳನನ್ನು ಹಿಡಿಯಲೆಂದು ವೇಷ ಹಾಕಿ ಕುಣಿಯುತ್ತಾಳೆ. ಕ್ಯಾಮೆರಾ ಮಾತ್ರ ಮೊದಲಿನಂತೆಯೇ ಅಂಗಾಂಗಗಳನ್ನು ಹುಡುಕುತ್ತದೆ. ನಾಯಕಿಯಾದ್ದರಿಂದ ಕಥೆ ಅವಳಿಗೆ ಮಾಫಿ ಕೊಟ್ಟಿತು, ನಾನೂ ಕೊಟ್ಟೆ. ಸ್ಮಿತಾರಿಗೆ ಅಂಥ ನೆಪ ಸಿಗುತ್ತಿದ್ದುದು ಅಪರೂಪ. ಎಷ್ಟೋ ಚಿತ್ರಗಳಲ್ಲಿ ಖಳನ ಅಡ್ಡೆಯಲ್ಲಿ ಒಂದು ಹಾಡು, ಅಷ್ಟೇ. ಹಾಡು ಮುಗಿದರೆ ಆ ಹೆಣ್ಣು ಎಲ್ಲಿ ಹೋದಳೆಂದು ಕೇಳುವವರಿಲ್ಲ. ಮಾಧುರಿಯನ್ನು 'ಅವರು' ಎನ್ನುತ್ತಿದ್ದ ನನ್ನ ಬಾಯಿ ಸ್ಮಿತಾರನ್ನು 'ಅವಳು' ಎನ್ನುತ್ತಿತ್ತು.

ಬಹಳ ತಡವಾಗಿ ಬಾಲು ಮಹೇಂದ್ರರ ತಮಿಳು ಚಿತ್ರ 'ಮೂಂಡ್ರಾಂ ಪಿರೈ' (1982) ನೋಡಿದೆ. ಅದರಲ್ಲಿ ಸ್ಮಿತಾ ವಯಸ್ಸಾದ ಗಂಡನ ಎಳೆಯ ಹೆಂಡತಿ. ಕಮಲಹಾಸನ್ ಜೊತೆಗಿನ ಆ ಹಾಡಿನಲ್ಲಿ ಮೈಯಷ್ಟೇ ಅಲ್ಲ, ಒಂದು ಹೆಣ್ಣಿನ ಒಳಗಿನ ಹಸಿವೂ ಇದೆ. ಅಂದರೆ ಇವರಿಗೆ ಅಭಿನಯ ಬರುತ್ತಿತ್ತು! ಕೇಳುವವರು ಕಡಿಮೆಯಿದ್ದರು. ನಮ್ಮ ಕನ್ನಡದ 'ಹಳ್ಳಿ ಮೇಷ್ಟ್ರು' (1992) ಚಿತ್ರದಲ್ಲೂ ಅವರು ಬಂದಿದ್ದರು. ಆಗ ನಾನು ನೆಟ್ಟಗೆ ನೋಡಿರಲಿಲ್ಲ. 1996ರಲ್ಲಿ ಅವರು ತೀರಿಕೊಂಡಾಗ ಮೂವತ್ತೈದು ವರ್ಷ.

ಇಂಥ ಹಾಡುಗಳನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಹೆಣ್ಣನ್ನು ತುಂಡು ತುಂಡಾಗಿ ತೋರಿಸುವ ಕ್ಯಾಮೆರಾದ ಮೇಲಿನ ಸಿಟ್ಟು ಇಳಿದಿಲ್ಲ. ಆದರೆ ಆ ಸಿಟ್ಟನ್ನು ಇಷ್ಟು ವರ್ಷ ಕುಣಿದವರ ಮೇಲೆ ತೀರಿಸಿಕೊಂಡೆನಲ್ಲ! ತೋರಿಸಿದವರು, ದುಡ್ಡು ಎಣಿಸಿದವರು, ಸಿಳ್ಳೆ ಹಾಕಿದವರು ಎಲ್ಲರೂ ಮರ್ಯಾದಸ್ಥರಾಗಿಯೇ ಮನೆಗೆ ಹೋದರು. ಹೊರಗೆ ನಿಂತು ಕಡಲೇಕಾಯಿ ತಿಂದ ನಾನೂ ಹೋದೆ.

ಈಗ ಟಿವಿಯಲ್ಲಿ ಸ್ಮಿತಾರ ಹಳೆಯ ಹಾಡು ಬಂದರೆ ನಾನು ಏಳುವುದಿಲ್ಲ. ಕ್ಯಾಮೆರಾ ಎಲ್ಲಿಗಾದರೂ ಹೋಗಲಿ, ನಾನು ಅವರ ಮುಖ ಬರುವುದನ್ನೇ ಕಾಯುತ್ತೇನೆ.