ಪಟ್ಟೆ ಮಿಠಾಯಿಯ ಜಾಣ್ಮೆ
2012ರಲ್ಲಿ ಬಂದ ಕ್ಯಾಂಡಿ ಕ್ರಷ್ ಸಾಗಾವನ್ನು ಹೆಚ್ಚಿನವರು ಬಣ್ಣ ನೋಡಿ ಆಡುತ್ತಾರೆ. ನನಗೆ ಮೆಚ್ಚುಗೆಯಾದದ್ದು ಆಕಾರ. ಕೆಂಪು ಮಿಠಾಯಿ ಬೀಜದಂತೆ ಬಾಗಿದೆ, ಹಳದಿಯದು ಹನಿ, ಹಸಿರು ಚೌಕ, ನೀಲಿ ಗುಂಡು. ಬಣ್ಣ ಗುರುತಿಸಲು ಕಷ್ಟಪಡುವವರಿಗೂ ಆಟ ದಕ್ಕುತ್ತದೆ.

ಒಂದೇ ಬಣ್ಣದ ನಾಲ್ಕು ಮಿಠಾಯಿ ಒಂದೇ ಸಾಲಿಗೆ ಬಂದರೆ ಪಟ್ಟೆ ಮಿಠಾಯಿ ಹುಟ್ಟುತ್ತದೆ. ಬೆರಳು ಅಡ್ಡ ಸರಿದಿದ್ದರೆ ಪಟ್ಟೆಯೂ ಅಡ್ಡ. ಒಡೆದಾಗ ಆ ಸಾಲನ್ನೇ ಗುಡಿಸಿಬಿಡುತ್ತದೆ. ಮೇಲೆ ಕೆಳಗೆ ಸರಿಸಿದ್ದರೆ ನಿಂತ ಸಾಲು ಖಾಲಿ. ಎಂಥ ಲೆಕ್ಕಾಚಾರ! ಒಂದೇ ನೇರಕ್ಕೆ ಐದು ಕೂಡಿಸಿ ಪಡೆದ ಬಣ್ಣದ ಬಾಂಬನ್ನು ಈ ಪಟ್ಟೆಯದರ ಜತೆ ಅದಲುಬದಲು ಮಾಡಿ: ಆ ಬಣ್ಣದವೆಲ್ಲ ಪಟ್ಟೆ ಹೊದ್ದು ಪಟಪಟ ಸಿಡಿಯುತ್ತವೆ.

ಸುಮ್ಮನೆ ಕೂತರೆ ಮಿಠಾಯಿಗಳು ಅಲುಗಾಡಿ ಸುಳಿವು ಕೊಡುತ್ತವೆ. ಅದು ಯಾವಾಗಲೂ ಒಳ್ಳೆಯ ನಡೆಯಲ್ಲ, ಕಣ್ಣುಮುಚ್ಚಿ ನಂಬಬೇಡಿ.