ಪಾನಕರಸವೂ ಬೆರೆಯದ ಅನ್ನವೂ

ಕಾವ್ಯಮೀಮಾಂಸೆಯಲ್ಲಿ ರಸವೆಂಬ ಮಾತು ನಾಲಗೆಯಿಂದ ಬಂದುದು. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನೆಂಬ ಪ್ರಶ್ನೆಯನ್ನು ತಾನೇ ಎತ್ತಿ, ಅದರ ಉತ್ತರವನ್ನು ಅಡಿಗೆಯ ಮನೆಯಿಂದ ತಂದಿದ್ದಾನೆ. ಬಗೆಬಗೆಯ ವ್ಯಂಜನಗಳೂ ಓಷಧಿಗಳೂ ದ್ರವ್ಯಗಳೂ ಕೂಡಿದಲ್ಲಿ ರುಚಿಯು ಹುಟ್ಟುವಂತೆ ಭಾವಗಳು ಕೂಡಿದಲ್ಲಿ ರಸವು ಹುಟ್ಟುವುದು. ಹಾಗೆ ಹದಗೊಂಡ ಅನ್ನವನ್ನುಂಡು ಸುಮನಸ್ಕರು ಹರ್ಷಗೊಳ್ಳುವಂತೆ ಪ್ರೇಕ್ಷಕರು ನಾಟ್ಯದಿಂದ ಹರ್ಷಗೊಳ್ಳುವರು ಎಂಬುದು ಆತನ ಮಾತಿನ ತಾತ್ಪರ್ಯ. ಅಭಿನವಗುಪ್ತ, ಮಮ್ಮಟರು ಇದನ್ನು ಪಾನಕರಸದ ದೃಷ್ಟಾಂತದಿಂದ ಮತ್ತಷ್ಟು ಬಿಗಿಗೊಳಿಸಿದರು. ಪಾನಕವನ್ನು ಕುಡಿಯುವವನಿಗೆ ಬೆಲ್ಲ ಬೇರೆ, ಮೆಣಸು ಬೇರೆ ಎಂದು ತೋರುವುದಿಲ್ಲ. ಎಲ್ಲವೂ ಕರಗಿ ಅಖಂಡವಾದ ಒಂದೇ ಸವಿಯಾಗಿ ನಿಲ್ಲುವುದು. ರಾಮನವಮಿಯಂದು ಚಾಮರಾಜಪೇಟೆಯ ಬೀದಿಯಲ್ಲಿ ಒಂದು ಲೋಟ ಪಾನಕವನ್ನು ಕುಡಿದವರಾರಿಗೂ ಈ ದೃಷ್ಟಾಂತವನ್ನು ವಿವರಿಸಿ ಹೇಳಬೇಕಾಗಿಲ್ಲ.

ದೃಷ್ಟಾಂತವು ಸುಂದರವಾದುದು. ಆದರೆ ಅದರೊಳಗೆ ಒಂದು ಊಹೆಯು ಅಡಗಿದೆ. ಬೆರೆತುದೇ ರುಚಿ, ಬೆರೆಯದುದು ಅಪಕ್ವ ಎಂಬುದು ಆ ಊಹೆ. ಉಣ್ಣುವವನ ನಾಲಗೆಯು ಬೆರಕೆಯನ್ನು ಒಪ್ಪುವಂಥದೆಂದು ಶಾಸ್ತ್ರಕಾರರು ಭಾವಿಸಿಕೊಂಡಿದ್ದಾರೆ. ಒಪ್ಪದವನು ಸುಮನಸ್ಕರ ಪಂಕ್ತಿಯಿಂದ ತಾನಾಗಿಯೇ ಹೊರಗಾಗುತ್ತಾನೆ. ಅಂಥವರೂ ಉಂಟೆಂಬುದು ಮಾತ್ರ ನಿಜ. ಬಸವನಗುಡಿಯ ಒಂದು ಮನೆಯ ಊಟದ ಹೊತ್ತನ್ನು ಕಲ್ಪಿಸಿಕೊಳ್ಳಬಹುದು. ಮಗುವು ಅನ್ನವನ್ನು ತಿನ್ನುತ್ತದೆ, ಸಾರು ತಗಲಿದ ಅನ್ನವನ್ನು ತಿನ್ನುವುದಿಲ್ಲ. ಮೊಸರನ್ನು ಬೇರೆ ಬಟ್ಟಲಿನಲ್ಲಿ ಕೊಟ್ಟರೆ ಉಣ್ಣುತ್ತದೆ. ಕಲಸಿ ಕೊಟ್ಟರೆ ತಟ್ಟೆಯನ್ನು ನೂಕುತ್ತದೆ. ಬಿಸ್ಕತ್ತು ಒಂದೇ ಕಂಪೆನಿಯದಾಗಿರಬೇಕು, ಪೊಟ್ಟಣದ ಬಣ್ಣ ಬದಲಾಗಿರಬಾರದು, ಬಿಸ್ಕತ್ತು ಮುರಿದಿರಬಾರದು. ಬಿಸಿಬೇಳೆ ಹುಳಿಯನ್ನದ ವಾಸನೆ ಬಂದೊಡನೆ ಕೊಠಡಿಯನ್ನೇ ಬಿಟ್ಟು ಹೋಗುತ್ತದೆ. ಇದಕ್ಕೆ ಮನೆಯವರು ಇಡುವ ಹೆಸರು ಒಂದೇ: ಹಠ. ಅದರ ಬೆನ್ನಿಗೇ ಮತ್ತೊಂದು ಮಾತು ಬರುವುದು: ತಾಯಿಯೇ ಮುದ್ದುಮಾಡಿ ಕೆಡಿಸಿದಳು.

ವೈದ್ಯರು ಇಂಥ ಮಕ್ಕಳಲ್ಲಿ ಅನೇಕರ ಸ್ಥಿತಿಯನ್ನು ಆಟಿಸಂ ಎನ್ನುತ್ತಾರೆ. ಕನ್ನಡದಲ್ಲಿ ಸ್ವಲೀನತೆ ಎಂಬ ಮಾತು ಬಳಕೆಗೆ ಬಂದಿದೆ. ಅದು ಹುಟ್ಟಿನೊಡನೆ ಬಂದು ಬಾಳಿನುದ್ದಕ್ಕೂ ಇರುವ ಮನೋಧರ್ಮವೇ ಹೊರತು ಸಾಕಿದ ರೀತಿಯಿಂದ ಉಂಟಾಗುವುದಲ್ಲ. ಇದನ್ನು ಕುರಿತ ಪ್ರಸಿದ್ಧವಾದ ಮೊದಲ ಬರಹಗಳಲ್ಲೊಂದು ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಪ್ರಕಟಿಸಿದ ಪ್ರಬಂಧ. ಅದರಲ್ಲಿ ಹನ್ನೊಂದು ಮಕ್ಕಳ ಚರಿತ್ರೆಯುಂಟು. ಅದನ್ನು ವೈದ್ಯಗ್ರಂಥವೆಂದು ಬದಿಗಿಡದೆ ಒಂದು ಗದ್ಯಕೃತಿಯಾಗಿ ಓದಿದರೆ ಲಾಭವಿದೆ. ಮಕ್ಕಳ ಚರ್ಯೆಯನ್ನು ಕಂಡಂತೆ ಬರೆಯುವುದರಲ್ಲಿ ಕ್ಯಾನರ್ ನಿಪುಣ. ಎಲ್ಲವೂ ಹಿಂದಿನಂತೆಯೇ ಇರಬೇಕೆಂಬ ಅವರ ಉತ್ಕಟವಾದ ಬಯಕೆಯನ್ನು ಸ್ಪಷ್ಟವಾಗಿ ಗುರುತಿಸಿದ ಕೀರ್ತಿ ಆತನದು. ಡೊನಾಲ್ಡ್ ಎಂಬ ಮೊದಲ ಬಾಲಕನ ತಂದೆ ಬರೆದ ಮೂವತ್ತಮೂರು ಪುಟಗಳ ಕಾಗದವನ್ನು ಆತನು ಆಧಾರವಾಗಿ ಬಳಸಿದ್ದಾನೆ. ಇತರ ಮಕ್ಕಳನ್ನು ಸೆಳೆಯುವ ಮಿಠಾಯಿಯೂ ಐಸ್‌ಕ್ರೀಮೂ ಈ ಹುಡುಗನನ್ನು ಸೆಳೆಯಲಿಲ್ಲವೆಂಬ ಸಂಗತಿ ಆ ಕಾಗದದಿಂದ ತಿಳಿಯುತ್ತದೆ. ಹನ್ನೊಂದರಲ್ಲಿ ಆರು ಮಕ್ಕಳಿಗೆ ಹುಟ್ಟಿದಂದಿನಿಂದ ಉಣ್ಣುವುದೇ ಕಷ್ಟವಾಗಿತ್ತು.

ಆದರೆ ವರ್ಣನೆಯಿಂದ ವ್ಯಾಖ್ಯಾನಕ್ಕೆ ಬರುವಲ್ಲಿ ಪ್ರಬಂಧದ ದೃಷ್ಟಿ ಬದಲಾಗುತ್ತದೆ. ಹೊರಗಿನ ಪ್ರಪಂಚವು ಶಿಶುವಿನ ಏಕಾಂತದೊಳಕ್ಕೆ ನುಗ್ಗುವ ಮೊದಲ ಪದಾರ್ಥವೇ ಆಹಾರ, ಆದುದರಿಂದ ಶಿಶುವು ಅದನ್ನು ತಡೆಯುತ್ತದೆ ಎಂದು ಕ್ಯಾನರ್ ಅರ್ಥಮಾಡಿದನು. ಕಡೆಗೆ ಊಟಕ್ಕೆ ಒಗ್ಗಿದ ಮಕ್ಕಳನ್ನು ಹೋರಾಟವನ್ನು ಕೈಬಿಟ್ಟವರೆಂಬಂತೆ ಚಿತ್ರಿಸಿದನು. ಇದು ಯುದ್ಧದ ರೂಪಕ. ಕೋಟೆ, ಮುತ್ತಿಗೆ, ಶರಣಾಗತಿ ಎಲ್ಲವೂ ಇದರಲ್ಲಿವೆ, ಇಲ್ಲದಿರುವುದು ರುಚಿಯೊಂದೇ. ಆ ತುತ್ತು ಬಾಯಲ್ಲಿ ಹೇಗಿತ್ತೆಂಬ ಪ್ರಶ್ನೆಗೆ ಆ ಬರಹದಲ್ಲಿ ಅವಕಾಶವಾಗಲಿಲ್ಲ. ಹೇಳಬೇಕಾದವರು ಮಾತು ಬಾರದ ಅಥವಾ ಮಾತು ತೊಡಕಿದ ಮಕ್ಕಳು. ದೋಷವು ವೈದ್ಯನೊಬ್ಬನದೇ ಅಲ್ಲ.

ಕನ್ನಡದ ಆಹಾರಸಾಹಿತ್ಯವನ್ನು ನೋಡಿದರೂ ಇದೇ ಕೊರತೆ ಬೇರೊಂದು ರೂಪದಲ್ಲಿ ಕಾಣುತ್ತದೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಸೂಪಶಾಸ್ತ್ರಕ್ಕೆ ಸ್ಥಾನವುಂಟು. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಸೂಪಶಾಸ್ತ್ರವೆಂಬ ಗ್ರಂಥವನ್ನೇ ರಚಿಸಿದನು. ಭಕ್ಷ್ಯಗಳನ್ನೂ ಪಾನಕಗಳನ್ನೂ ಬದನೆಯಂಥ ತರಕಾರಿಯ ಬಗೆಗಳನ್ನೂ ಛಂದಸ್ಸಿನಲ್ಲಿ ಅಡಗಿಸಿದ ಆ ಕೌಶಲ ಮೆಚ್ಚತಕ್ಕದ್ದು. ಆದರೆ ಈ ಗ್ರಂಥಗಳೆಲ್ಲ ಒಲೆಯ ಕಡೆಯಿಂದ ಬರೆದವು. ಎಲೆಯ ಮುಂದೆ ಕುಳಿತವನ ಕಡೆಯಿಂದಲ್ಲ. ಕಾವ್ಯಗಳಲ್ಲಿ ಉಣ್ಣುವವನು ಬಂದರೆ ಬಕನ ಬಂಡಿಯನ್ನವನ್ನು ಬರಿದುಮಾಡುವ ಭೀಮನಾಗಿ ಬರುತ್ತಾನೆ, ಇಲ್ಲವೆ ಕುಂಭಕರ್ಣನಾಗಿ ಬರುತ್ತಾನೆ. ಅತಿಯಾಗಿ ಉಣ್ಣುವವನಿಗೆ ಅದ್ಭುತವೂ ಹಾಸ್ಯವೂ ದೊರೆತುವು. ವ್ರತದಿಂದ ಉಣ್ಣದವನಿಗೆ ಪೂಜ್ಯತೆ ದೊರೆಯಿತು. ಒಂದನ್ನೇ, ಒಂದೇ ರೀತಿಯಲ್ಲಿ, ಒಂದೇ ತಟ್ಟೆಯಲ್ಲಿ ಉಣ್ಣಬಯಸುವವನಿಗೆ ಹಠಮಾರಿಯೆಂಬ ಬಿರುದು ಮಾತ್ರ ಉಳಿಯಿತು.

ಈ ಮೌನವನ್ನು ಮುರಿದವರು ಸ್ವಲೀನತೆಯುಳ್ಳ ಲೇಖಕರೇ. ಆಸ್ಟ್ರೇಲಿಯದ ಡೋನಾ ವಿಲಿಯಮ್ಸ್ 1992ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಬಾಲ್ಯದ ಊಟದ ಪ್ರಸ್ತಾಪವನ್ನು ಮಾಡಿದ್ದಾಳೆ. ಆಕೆಗೆ ಮೆತ್ತನೆಯ ಮೊಲಗಳೆಂದರೆ ಪ್ರೀತಿ. ಮೊಲವು ಸೊಪ್ಪನ್ನು ತಿನ್ನುತ್ತದೆ. ಆದುದರಿಂದ ಆಕೆಯೂ ಸೊಪ್ಪನ್ನು ತಿಂದಳು. ಬಣ್ಣದ ಗಾಜೆಂದರೆ ಪ್ರೀತಿ; ಜೆಲ್ಲಿಯೆಂಬ ತಿನಿಸು ಬಣ್ಣದ ಗಾಜಿನಂತೆ ಹೊಳೆಯುತ್ತದೆ; ಆದುದರಿಂದ ಜೆಲ್ಲಿ ಪ್ರಿಯವಾಯಿತು. ಹೊರಗಿನಿಂದ ನೋಡಿದವರಿಗೆ ಇದು ಅಸಂಬದ್ಧವಾದ ಚಪಲ. ಅಲಂಕಾರಶಾಸ್ತ್ರವನ್ನು ಬಲ್ಲವರಿಗಾದರೋ ಇದು ಸಾದೃಶ್ಯದ ಬಲದಿಂದ ನಡೆದ ಆಯ್ಕೆ. ಗಾಜಿಗೂ ಜೆಲ್ಲಿಗೂ ಇರುವ ಸಾಧಾರಣಧರ್ಮವನ್ನು ಕಂಡು ಒಂದರ ಪ್ರೀತಿಯನ್ನು ಇನ್ನೊಂದಕ್ಕೆ ಸಾಗಿಸುವುದು ಕವಿಯ ಕೆಲಸವೇ. ಕವಿಯು ಅದನ್ನು ಪದ್ಯದಲ್ಲಿ ಮಾಡುತ್ತಾನೆ. ಆ ಬಾಲಕಿಯು ಊಟದ ತಟ್ಟೆಯಲ್ಲಿ ಮಾಡಿದಳು.

ಜಪಾನಿನ ನವೋಕಿ ಹಿಗಾಶಿದನ ಹೆಸರಿನಲ್ಲಿ 2007ರಲ್ಲಿ ಹೊರಬಂದ ಪುಸ್ತಕವು ಪ್ರಶ್ನೋತ್ತರ ರೂಪದ್ದು; ಊಟದ ಆಯ್ಕೆಯ ಮಾತೂ ಅಲ್ಲಿ ಬರುತ್ತದೆ. ತನಗೆ ಆಹಾರವೆಂದು ಈಗಾಗಲೆ ತೋರಿರುವುದನ್ನು ಬಿಟ್ಟು ಉಳಿದುದು ಮಕ್ಕಳಾಟದ ಪ್ಲಾಸ್ಟಿಕ್ ತರಕಾರಿಯಂತೆ ನಿಸ್ಸಾರವಾಗಿ ತೋರುವುದೆಂಬ ಭಾವ ಅಲ್ಲಿದೆ. ಅಕ್ಷರಫಲಕವನ್ನು ತೋರಿಸಿ ರಚಿಸಿದ ಆ ಗ್ರಂಥದ ಕರ್ತೃತ್ವವನ್ನು ಕುರಿತು ವಿದ್ವಾಂಸರಲ್ಲಿ ವಿವಾದವುಂಟು. ಆದುದರಿಂದ ಅದನ್ನೇ ಪ್ರಮಾಣವೆಂದು ಹಿಡಿಯುವುದು ಯುಕ್ತವಲ್ಲ. ಬೆಂಗಳೂರಿಗೆ ಹತ್ತಿರವಾದ ಇನ್ನೊಂದು ಉದಾಹರಣೆಯುಂಟು. ತಾಯಿಯೊಡನೆ ಮೈಸೂರು ಬೆಂಗಳೂರುಗಳಲ್ಲಿ ಬಾಲ್ಯದ ಕೆಲವು ವರ್ಷಗಳನ್ನು ಕಳೆದ ಟೀಟೋ ಮುಖೋಪಾಧ್ಯಾಯನ ಮೊದಲ ಪುಸ್ತಕ 2000ದಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಎಂಟರಿಂದ ಹನ್ನೊಂದರ ವಯಸ್ಸಿನಲ್ಲಿ ಬರೆದ ಆ ಬರಹದಲ್ಲಿ ಆತನು ತನ್ನನ್ನೇ ‘ಆ ಹುಡುಗ’ ಎಂದು ದೂರದಿಂದ ನೋಡಿದ್ದಾನೆ. ಕಿವಿಗೊಟ್ಟಾಗ ಕಣ್ಣು ಕೆಲಸಮಾಡದು, ಕಣ್ಣಿಟ್ಟಾಗ ಕಿವಿ ಕೇಳದು ಎಂಬುದು ಆತನು ತನ್ನನ್ನು ಕುರಿತು ಹೇಳಿಕೊಂಡ ಸಂಗತಿ. ಊಟವನ್ನು ಕುರಿತ ಮಾತಲ್ಲವಾದರೂ ಪ್ರಕೃತ ವಿಷಯಕ್ಕೆ ಇದು ಮುಖ್ಯವಾದುದು. ಒಂದು ತುತ್ತಿನಲ್ಲಿ ಬಿಸಿ, ಹುಳಿ, ಖಾರ, ಮೆತ್ತಗೆ, ಗರಿಗರಿ, ಒಗ್ಗರಣೆಯ ವಾಸನೆ ಎಲ್ಲವೂ ಒಮ್ಮೆಗೇ ಬರುತ್ತವೆ. ಇಂದ್ರಿಯಗಳ ಬಾಗಿಲನ್ನು ಒಂದೊಂದಾಗಿ ತೆರೆಯಬೇಕಾದವನಿಗೆ ಆ ತುತ್ತು ಪಾನಕವಾಗುವುದಿಲ್ಲ, ಗದ್ದಲವಾಗುತ್ತದೆ.

ಈಗಿನ ವಿಜ್ಞಾನವೂ ಬಹಳಮಟ್ಟಿಗೆ ಇದೇ ದಿಕ್ಕಿನಲ್ಲಿ ಮಾತನಾಡುತ್ತಿದೆ. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಹೆತ್ತವರು ಹೇಳಿದ ಪ್ರಕಾರ, ಸ್ವಲೀನತೆಯುಳ್ಳ ಮಕ್ಕಳಲ್ಲಿ ಶೇಕಡ 70ರಷ್ಟು ಮಂದಿಗೆ ಇಂಥ ಊಟದ ವಿಶೇಷಗಳಿದ್ದುವು. ಇತರ ಮಕ್ಕಳಲ್ಲಿ ಅದು ಶೇಕಡ 5ರಷ್ಟು ಮಾತ್ರ. ಸ್ಪರ್ಶ ವಾಸನೆ ಬಣ್ಣಗಳು ಮಿತಿಮೀರಿ ತೀಕ್ಷ್ಣವಾಗಿ ತೋರುವುದು ಒಂದು ಕಾರಣ. ಬದಲಾವಣೆಯು ಭಯವನ್ನು ಹುಟ್ಟಿಸುವುದು ಮತ್ತೊಂದು. ಹಸಿವು ಬಾಯಾರಿಕೆಗಳ ಸೂಚನೆಯೇ ಕೆಲವರಿಗೆ ಸರಿಯಾಗಿ ತಿಳಿಯದಿರುವುದು ಮೂರನೆಯದು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು ಸಹಜ. ಕಾವ್ಯದ ಮಾತು ಚೆನ್ನಾಗಿದೆ, ಆದರೆ ಬರಿಯ ಅನ್ನ ಬಿಸ್ಕತ್ತುಗಳಿಂದ ಮಗುವಿನ ಮೈ ಬೆಳೆಯುವುದೆ? ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಇಂಥ ಮಕ್ಕಳ ಆಹಾರದಲ್ಲಿ ಸುಣ್ಣದಂಶವೂ ಸಸಾರಜನಕವೂ ಕಡಮೆಯೆಂದು ಕಂಡಿತು. ತೀರ ಸಂಕುಚಿತವಾದ ಆಹಾರದಿಂದ ಜೀವಸತ್ತ್ವಗಳು ಕುಂದಿ ಸ್ಕರ್ವಿ ರೋಗ ಬಂದ, ಕಣ್ಣು ಕೆಟ್ಟ ಉದಾಹರಣೆಗಳೂ ವೈದ್ಯಪತ್ರಿಕೆಗಳಲ್ಲಿವೆ. ಮಲಬದ್ಧತೆ, ಹಲ್ಲುನೋವು, ನುಂಗುವ ತೊಡಕು ಇವು ಒಳಗಿದ್ದು ಹೊರಗೆ ಹಠವಾಗಿ ಕಾಣುವುದೂ ಉಂಟು. ಆದುದರಿಂದ ವೈದ್ಯರ ಪರೀಕ್ಷೆ ಮೊದಲು ಆಗತಕ್ಕದ್ದು. ಪಥ್ಯವನ್ನು ಬಲ್ಲವರ ಸಲಹೆಯೂ ಬೇಕು. ಆದರೆ ‘ಎರಡು ಹೊತ್ತು ಉಪವಾಸ ಕೆಡವಿದರೆ ತಾನೇ ತಿನ್ನುತ್ತಾನೆ’ ಎಂಬ ಹಿರಿಯರ ಸೂತ್ರ ಇಲ್ಲಿ ಸಲ್ಲದು. ಈ ಮಕ್ಕಳಲ್ಲಿ ಕೆಲವರು ನಿಜವಾಗಿಯೂ ತಿನ್ನದೆ ಇದ್ದುಬಿಡುತ್ತಾರೆ. ಹಠವೆಂಬ ತಪ್ಪು ಹೆಸರಿನಿಂದ ತಪ್ಪು ಚಿಕಿತ್ಸೆ ಹುಟ್ಟುತ್ತದೆ. ವಿಮರ್ಶೆಯಲ್ಲಿ ಒಂದು ಪದ್ಯಕ್ಕೆ ತಪ್ಪು ಅರ್ಥ ಹೇಳಿದರೆ ಪದ್ಯಕ್ಕೆ ನಷ್ಟವಿಲ್ಲ. ಇಲ್ಲಿ ನಷ್ಟಪಡುವುದು ಜೀವ.

ವಿಚಿತ್ರವೆಂದರೆ, ಊಟದ ಕಟ್ಟಳೆಯನ್ನು ಅರ್ಥಮಾಡಿಕೊಳ್ಳಲು ಮಲ್ಲೇಶ್ವರ ಬಸವನಗುಡಿಗಳ ಹಳೆಯ ಮನೆಗಳಿಗಿಂತ ಸಿದ್ಧವಾದ ಸ್ಥಳ ಬೇರೊಂದಿಲ್ಲ. ಅನ್ನವನ್ನು ಮುಟ್ಟಿದ ಕೈ ಮುಸುರೆ. ಅದನ್ನು ತೊಳೆಯದೆ ಮೊಸರು ತುಪ್ಪಗಳನ್ನು ಮುಟ್ಟಬಾರದೆಂಬುದನ್ನು ಅಲ್ಲಿಯ ಅಜ್ಜಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಒಂದು ಪದಾರ್ಥವು ಇನ್ನೊಂದಕ್ಕೆ ತಗಲಿದ ಮಾತ್ರದಿಂದಲೇ ಕೆಡಬಹುದೆಂಬ ಭಾವನೆ ಆ ಮನೆಗಳ ಗೋಡೆಗಳಲ್ಲಿಯೇ ಇದೆ. ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳು ತರಕಾರಿಯಿಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಯಿಲ್ಲ. ಇಷ್ಟನ್ನು ನಗುಮುಖದಿಂದ ಸಂಬಾಳಿಸುವ ಅಡಿಗೆಮನೆಗೆ ‘ಸಾರು ಅನ್ನಕ್ಕೆ ತಗಲಬಾರದು’ ಎಂಬ ಒಂದು ಕಟ್ಟಳೆ ಭಾರವಾಗಬೇಕೆ? ಧರ್ಮದ ಮಾತು ಹಾಗಿರಲಿ. ಗಾಂಧಿಬಜಾರಿನ ವಿದ್ಯಾರ್ಥಿ ಭವನವನ್ನು ನೋಡಬಹುದು. ಕ್ಯಾನರನ ಪ್ರಬಂಧ ಹೊರಬಂದ 1943ರಲ್ಲಿಯೇ ಅದು ಆರಂಭವಾಯಿತು. ಹತ್ತಾರು ವರ್ಷಗಳಿಂದ ಅದೇ ದೋಸೆಗಾಗಿ ಅಲ್ಲಿಗೆ ಹೋಗುವ ಹಿರಿಯರನ್ನು ರುಚಿ ಬಲ್ಲವರೆಂದು ಊರು ಹೊಗಳುತ್ತದೆ. ದೋಸೆಯ ಹದ ಒಂದು ದಿನ ತಪ್ಪಿದರೆ ಅವರು ಪಡುವ ಖೇದ ಪ್ರಸಿದ್ಧವಾದುದು. ಮಗುವಿನ ಖೇದವೂ ಅದೇ ಜಾತಿಯದು, ಪ್ರಮಾಣದಲ್ಲಿ ಮಾತ್ರ ಬಹಳ ದೊಡ್ಡದು.

ಭೇದವಿಲ್ಲವೆಂದಲ್ಲ. ವ್ರತವನ್ನು ಸಂಕಲ್ಪಮಾಡಿ ಕೈಕೊಳ್ಳುತ್ತಾರೆ, ಪಾರಣೆಯ ದಿನ ಬಿಡುತ್ತಾರೆ. ಮಗುವಿನ ಕಟ್ಟಳೆಯನ್ನು ಅದರ ಮೈಯೇ ವಿಧಿಸಿದೆ. ಅದಕ್ಕೆ ಪಂಚಾಂಗವಿಲ್ಲ, ಪಾರಣೆಯೂ ಇಲ್ಲ. ಆದರೆ ಈ ಭೇದದಿಂದ ಏರತಕ್ಕದ್ದು ಮರ್ಯಾದೆಯೇ ಹೊರತು ಬೈಗುಳವಲ್ಲ. ತಾನಾಗಿ ಆರಿಸಿಕೊಂಡ ನಿಯಮಕ್ಕೆ ಗೌರವ, ಆರಿಸಿಕೊಳ್ಳದೆ ಹೊತ್ತ ನಿಯಮಕ್ಕೆ ಗದರಿಕೆ ಎಂಬುದು ನ್ಯಾಯವೆನಿಸದು.

ಇನ್ನು ಕಾವ್ಯಮೀಮಾಂಸೆಯ ಪ್ರಶ್ನೆಗೆ ಹಿಂದಿರುಗಬಹುದು. ಭರತನ ದೃಷ್ಟಾಂತವನ್ನು ಇದರಿಂದ ಬಿಡಬೇಕಾಗಿಲ್ಲ; ಅದು ಒಂದು ಬಗೆಯ ನಾಲಗೆಯ ಸತ್ಯವೆಂದು ತಿಳಿದರೆ ಸಾಕು. ಮೀಮಾಂಸಕರು ಪಾನಕದ ಜತೆಗೆ ಇನ್ನೊಂದು ಪದಾರ್ಥವನ್ನೂ ಬಿಟ್ಟುಹೋಗಿದ್ದಾರೆ. ಅದೇ ಔಚಿತ್ಯ. ಯಾವುದು ಎಲ್ಲಿರಬೇಕೋ ಅಲ್ಲಿರುವುದೇ ಕಾವ್ಯದ ಜೀವವೆಂದು ಕ್ಷೇಮೇಂದ್ರನು ಸಾಧಿಸಿದನು. ಬಾಳೆಯ ಎಲೆಯನ್ನು ನೋಡಿದರೆ ಇದರ ಅರ್ಥ ತಿಳಿಯುವುದು. ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ನಡುವೆ ಅನ್ನ, ಒಂದೊಂದಕ್ಕೂ ಅದರ ಸ್ಥಾನ. ಉಣ್ಣಲು ತೊಡಗುವ ಮುನ್ನ, ಏನೂ ಕಲಸದೆ, ಎಲ್ಲವೂ ತನ್ನ ತನ್ನ ಎಡೆಯಲ್ಲಿರುವ ಆ ಎಲೆಯಲ್ಲಿ ಸೊಬಗುಂಟು. ಪಂಕ್ತಿಯಲ್ಲಿ ಕುಳಿತವರೆಲ್ಲರೂ ಅದನ್ನು ಒಂದು ಕ್ಷಣ ಕಂಡು ಮುಂದಕ್ಕೆ ಹೋಗುತ್ತಾರೆ. ಆ ಮಗುವು ಅಲ್ಲಿಯೇ ನಿಲ್ಲಬಯಸುತ್ತದೆ.

ಕವಿಯ ಹೃದಯಕ್ಕೆ ಸಮನಾದ ಹೃದಯವುಳ್ಳವನನ್ನು ಸಹೃದಯನೆನ್ನುವರು. ಆ ಯೋಗ್ಯತೆಯನ್ನು ಪುಸ್ತಕದ ಮುಂದೆ ತೋರಿಸುವುದು ಸುಲಭ. ಊಟದ ಹೊತ್ತಿನಲ್ಲಿ ತೋರಿಸುವುದು ಕಷ್ಟ. ಬಡಿಸುವವರು ಸಾರಿನ ಸೌಟನ್ನು ಒಂದು ಗಳಿಗೆ ತಡೆದು ‘ಬಟ್ಟಲಲ್ಲಿ ಹಾಕಲೇ, ಕಂದಾ?’ ಎಂದು ಕೇಳಿದರೆ, ಅದೂ ರಸವನ್ನು ಬಲ್ಲ ಮಾತೇ.