ಬರೆಯದೆ ಬಿಟ್ಟ ನೋಟ

ಸಿನಿಮಾ ಅಳೆಯಲು ನಮ್ಮಮ್ಮನ ಹತ್ತಿರ ಇದ್ದದ್ದು ಒಂದೇ ಅಳತೆಗೋಲು. ಅದು ಅವಳ ಸೆರಗು. ಮ್ಯಾಟಿನಿ ಮುಗಿಸಿ ಬಂದವಳನ್ನು ಪಕ್ಕದ ಮನೆಯವರು “ಹೆಂಗಿತ್ತು?” ಎಂದು ಕೇಳಿದರೆ, “ಸೆರಗೆಲ್ಲ ತೊಯ್ದು ಹೋತು ನೋಡ್ರಿ” ಎನ್ನುವಳು. ಅಲ್ಲಿಗೆ ಚಿತ್ರ ಪಾಸು. ಸೆರಗು ಒಣಗಿದ್ದರೆ ನಪಾಸು. ನಾಯಕ ಯಾರು, ನಿರ್ದೇಶಕ ಯಾರು ಎಂಬುದೆಲ್ಲ ಆಮೇಲಿನ ಮಾತು.

1993ರಲ್ಲಿ ನಾನು ಹರಿಹರದಿಂದ ದಾವಣಗೆರೆಗೆ ಬಿ.ಎ. ಓದಲು ಹೋಗತೊಡಗಿದಾಗ ಈ ಅಳತೆಗೋಲಿನ ಬಗ್ಗೆ ನನಗೆ ನಾಚಿಕೆ ಶುರುವಾಯಿತು. ಎರಡೂ ಊರಿಗೆ ನಡುವೆ ಇರುವುದು 14 ಕಿಲೋಮೀಟರು. ರೈಲಿನಲ್ಲಿ ಕೂತು ಹರಟೆ ಆರಂಭಿಸುವಷ್ಟರಲ್ಲಿ ಊರು ಬಂದುಬಿಡುತ್ತದೆ. ಆದರೆ ಆ ಹದಿನಾಲ್ಕು ಕಿಲೋಮೀಟರಿನಲ್ಲಿ ನಾನು ಅಮ್ಮನಿಂದ ಬಹಳ ದೂರ ಹೋಗುತ್ತಿದ್ದೇನೆ ಎಂಬ ಹೆಮ್ಮೆ ನನ್ನದು. ಇನ್ನೂರು ಪುಟದ ಒಂದು ನೋಟುಬುಕ್ಕು ಇಟ್ಟಿದ್ದೆ. ನೋಡಿದ ಚಿತ್ರ, ದಿನಾಂಕ, ನೂರಕ್ಕೆ ಇಷ್ಟು ಅಂಕ, ಕೆಳಗೆ ನಾಲ್ಕು ಸಾಲು ಅಭಿಪ್ರಾಯ. ಮೊದಲ ಪುಟದಲ್ಲಿ ‘ನಾಗರಹಾವು’ಗೆ 95 ಅಂಕ ಕೊಟ್ಟಿದ್ದೆ. 1972ರ ಚಿತ್ರವಾದರೂ ಅದು ನಮ್ಮದೇ ಎಂಬ ಅಭಿಮಾನ. ನಮ್ಮ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಗಿನ್ನೂ ನಾವು ಚಿತ್ರದುರ್ಗ ಜಿಲ್ಲೆಯವರೇ, ಕೋಟೆಯೂ ನಮ್ಮದೇ, ಒನಕೆ ಓಬವ್ವನೂ ನಮ್ಮವಳೇ!

ಎರಡನೇ ವರ್ಷದಲ್ಲಿ ನಮಗೆ ಪಾಠಕ್ಕೆ ಬಂದ ಮೇಷ್ಟ್ರೊಬ್ಬರು ಹೆಗ್ಗೋಡಿನ ನೀನಾಸಂ ಬಗ್ಗೆ, ಅಲ್ಲಿ ಹಳ್ಳಿಯ ಜನರಿಗೆ ಜಗತ್ತಿನ ಒಳ್ಳೆಯ ಚಿತ್ರಗಳನ್ನು ತೋರಿಸಿದ ಕೆ.ವಿ. ಸುಬ್ಬಣ್ಣನವರ ಬಗ್ಗೆ ಹೇಳಿದರು. ಪುಸ್ತಕಗಳನ್ನೂ ಕೊಟ್ಟರು. ಭಾವಾತಿರೇಕ, ಚಿತ್ರಭಾಷೆ, ಸಂಯಮ ಎಂಬ ಶಬ್ದಗಳು ನನಗೆ ಸಿಕ್ಕಿದ್ದು ಆಗಲೇ. ಹೊಸ ಬಳೆ ತೊಟ್ಟ ಹುಡುಗಿ ಸುಮ್ಮಸುಮ್ಮನೆ ಕೈ ಆಡಿಸುವುದಿಲ್ಲವೇ, ಹಾಗೆ ಅವನ್ನು ಎಲ್ಲೆಂದರಲ್ಲಿ ಬಳಸತೊಡಗಿದೆ. ‘ನಾಗರಹಾವು’ವಿನ ಅಂಕ 95ರಿಂದ 60ಕ್ಕೆ ಇಳಿಯಿತು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದೇ ಚಿತ್ರದೊಳಗೆ ತುರುಕಿದ್ದಾರೆ ಎಂದು ಕೆಂಪು ಶಾಯಿಯಲ್ಲಿ ಟಿಪ್ಪಣಿ ಬೇರೆ.

ಆ ವರ್ಷವೇ ದಾವಣಗೆರೆಯ ಒಂದು ಟಾಕೀಸಿನಲ್ಲಿ ‘ಶರಪಂಜರ’ ಮತ್ತೆ ಬಂತು. ಅಮ್ಮನನ್ನೂ ಚಿಕ್ಕಮ್ಮನನ್ನೂ ಕರೆದುಕೊಂಡು ಹೋದೆ. ಬೆಣ್ಣೆದೋಸೆ ತಿಂದು, ಅಶೋಕ ಟಾಕೀಸಿನ ರೈಲ್ವೆ ಗೇಟು ತೆರೆಯುವುದನ್ನು ಕಾದು, ಓಡೋಡಿ ಹೋಗಿ ಕೂತೆವು. ಪುಟ್ಟಣ್ಣ ಕಣಗಾಲರ ಈ ಚಿತ್ರ 1971ರದು. ತ್ರಿವೇಣಿಯವರ ಕಾದಂಬರಿ. ನೀವೂ ನೋಡಿರುತ್ತೀರಿ. ಕೊಡಗಿನ ಹಸಿರಿನ ನಡುವೆ ಹಾಡುತ್ತ ನಲಿಯುವ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಳ್ಳುತ್ತಾಳೆ. ಆಸ್ಪತ್ರೆ ಸೇರಿ ವಾಸಿಯಾಗಿ ಮನೆಗೆ ಬಂದರೆ, ಅವಳನ್ನು ವಾಸಿಯಾದವಳೆಂದು ನಂಬುವವರೇ ಇಲ್ಲ. ಗಂಡನ ಮನಸ್ಸು ಬೇರೆಡೆ ಹೋಗಿದೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗುತ್ತಾಳೆ. ಆ ಚಿತ್ರದಲ್ಲಿ ನಮ್ಮ ದಾವಣಗೆರೆಯ ರಂಗನಟಿ ಚಿಂದೋಡಿ ಲೀಲಾ ಅವರೂ ಇದ್ದಾರೆ. ಅವರನ್ನು ಕಂಡಾಗ “ನಮ್ಮ ಲೀಲಮ್ಮ” ಎಂದು ಅಮ್ಮ ನನ್ನನ್ನು ತಿವಿದಳು. ಆಮೇಲೆ ಅವಳ ಸೆರಗು ಎಂದಿನಂತೆ ತೊಯ್ದು ತೊಪ್ಪೆಯಾಯಿತು. ಚಿಕ್ಕಮ್ಮ ಅಳಲಿಲ್ಲ. ಅದನ್ನು ನಾನು ಗಮನಿಸಿದ್ದೆ. ‘ನೋಡು, ಚಿಕ್ಕಮ್ಮನಿಗೂ ಹಿಡಿಸಿಲ್ಲ’ ಎಂದುಕೊಂಡೆ.

ಕಾಲೇಜಿನ ಗೋಡೆಪತ್ರಿಕೆಗೆ ವಿಮರ್ಶೆ ಬರೆದೆ. ಕಲ್ಪನಾ ಅಗತ್ಯಕ್ಕಿಂತ ಜೋರಾಗಿ ನಗುತ್ತಾರೆ, ಅಗತ್ಯಕ್ಕಿಂತ ಜೋರಾಗಿ ಅಳುತ್ತಾರೆ, ಹಿನ್ನೆಲೆ ಸಂಗೀತ ನಮಗೆ ಯಾವಾಗ ಕಣ್ಣೊರೆಸಿಕೊಳ್ಳಬೇಕೆಂದು ಹೇಳಿಕೊಡುತ್ತದೆ, ಪ್ರೇಕ್ಷಕರ ಕಣ್ಣೀರೇ ಚಿತ್ರದ ಬಂಡವಾಳ ಎಂದೆಲ್ಲ ಬರೆದಿದ್ದೆ. ಮೇಷ್ಟ್ರು ಬೆನ್ನು ತಟ್ಟಿದರು. ಆ ಉಮೇದಿನಲ್ಲಿ ಸಂಜೆ ಅಡಿಗೆಮನೆಯ ಹೊಸಿಲ ಮೇಲೆ ಕೂತು ಗಟ್ಟಿಯಾಗಿ ಓದಿದೆ. ಅಮ್ಮ ರೊಟ್ಟಿ ಬಡಿಯುತ್ತಲೇ, “ನಾವು ಅಳೋದೂ ತಪ್ಪೇನೇ?” ಎಂದಳು. ಚಿಕ್ಕಮ್ಮ ಒಲೆಯ ಬೆಂಕಿ ಸರಿಮಾಡುತ್ತ ಹೇಳಿದಳು:

“ಎಲ್ಲಾ ಚಲೋ ಬರ್ದೀಯವ್ವ. ಆದ್ರ ಆಕಿ ಆರಾಮಾಗಿ ಮನೀಗೆ ಬರ್ತಾಳಲ್ಲ, ಆಗ ಎಲ್ಲಾರೂ ಆಕೀನ ನೋಡ್ತಾರಲ್ಲ, ಆ ನೋಟದ ಬಗ್ಗೆ ಏನೂ ಬರ್ದಿಲ್ಲಲ್ಲ?”

ಇಲ್ಲಿ ಚಿಕ್ಕಮ್ಮನ ವಿಷಯ ಹೇಳಬೇಕು. ಎರಡನೇ ಹೆರಿಗೆಯಾದ ಮೇಲೆ ಅವಳಿಗೂ ಹಾಗೇ ಆಗಿತ್ತು. ಕೆಲವು ತಿಂಗಳು ಆಸ್ಪತ್ರೆಯಲ್ಲಿದ್ದು ಪೂರ್ತಿ ಗುಣವಾದಳು. ಆದರೆ ಗಂಡನ ಮನೆಯವರು ಮಕ್ಕಳನ್ನು ಇಟ್ಟುಕೊಂಡು ಅವಳನ್ನು ನಮ್ಮಲ್ಲಿಗೆ ಕಳಿಸಿದರು. ನಾನು ಐದನೇ ಇಯತ್ತೆಯಲ್ಲಿದ್ದಾಗಿನಿಂದ ಅವಳು ನಮ್ಮ ಮನೆಯಲ್ಲೇ. ಅವಳು ಹೊಸೆದ ಶಾವಿಗೆ, ಅವಳು ಕುಟ್ಟಿದ ಚಟ್ನಿಪುಡಿ ಓಣಿಯವರಿಗೆಲ್ಲ ಬೇಕು. ಆದರೆ ಅವಳು ಯಾರದಾದರೂ ಕೂಸಿನ ಕಡೆ ಕೈ ಚಾಚಿದರೆ, “ಈಗ ಹಾಲು ಕುಡದೈತ್ರಿ, ಕಕ್ಕಿಬಿಡ್ತೈತಿ” ಎಂದು ತಾಯಂದಿರು ಮಗುವನ್ನು ಆಚೆ ಬದಿಗೆ ಎತ್ತಿಕೊಳ್ಳುತ್ತಿದ್ದರು. ಇಷ್ಟೆಲ್ಲ ನೋಡುತ್ತ ಬೆಳೆದ ನಾನು, ಅವಳ ಪಕ್ಕದಲ್ಲೇ ಕೂತು ‘ಶರಪಂಜರ’ ನೋಡಿ, ಹಿನ್ನೆಲೆ ಸಂಗೀತದ ಬಗ್ಗೆ ಬರೆದಿದ್ದೆ.

ಚಿಕ್ಕಮ್ಮನ ಆ ಒಂದು ಮಾತಿನಿಂದ ಚಿತ್ರದ ಅರ್ಥವೇ ನನಗೆ ಬದಲಾಯಿತು. ಹುಚ್ಚು ಆ ಚಿತ್ರದ ವಸ್ತುವೇ ಅಲ್ಲ. ಗುಣವಾದ ಮೇಲಿನ ಬದುಕೇ ಅದರ ವಸ್ತು. ಕಾವೇರಿ ನಕ್ಕರೂ ಅನುಮಾನ, ಅತ್ತರೂ ಅನುಮಾನ, ಚೆನ್ನಾಗಿ ಸೀರೆ ಉಟ್ಟರೂ ಅನುಮಾನ. ಸಾಮಾನ್ಯ ಹೆಂಗಸಿಗೆ ಇರುವ ಸಿಟ್ಟು ಮಾಡಿಕೊಳ್ಳುವ ಹಕ್ಕೂ ಅವಳಿಗಿಲ್ಲ. ಸಿಟ್ಟು ಬಂದರೆ ಅದೂ ರೋಗ! ಮೈಗೆ ಬಂದ ಕಾಯಿಲೆ ವಾಸಿಯಾದರೆ ಜನ ಮರೆಯುತ್ತಾರೆ, ಮನಸ್ಸಿಗೆ ಬಂದದ್ದನ್ನು ಮರೆಯುವುದಿಲ್ಲ ಎಂಬುದನ್ನು ತ್ರಿವೇಣಿ ಅಷ್ಟು ಹಿಂದೆಯೇ ಕಂಡಿದ್ದರು. ಮನಶ್ಶಾಸ್ತ್ರ ಓದಿದ್ದ ಅವರು ತಾವೂ ಹೆರಿಗೆಯಾದ ಕೆಲವೇ ದಿನಗಳಲ್ಲಿ, 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ಚಿತ್ರವನ್ನು ಅವರು ನೋಡಲೇ ಇಲ್ಲ.

ಹಾಗೆಂದು ನನ್ನ ಮೇಷ್ಟ್ರು ಹೇಳಿಕೊಟ್ಟದ್ದೆಲ್ಲ ಸುಳ್ಳೆಂದು ನಾನು ಹೇಳಲಾರೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ನಾವು ಮನೆಯಲ್ಲೇ ಟಿ.ವಿ.ಯಲ್ಲಿ ನೋಡಿದೆವು. ಬಸುರಿಯಾದ ವಿಧವೆ ಯಮುನಾ ಬದುಕಿರುವಾಗಲೇ ಅವಳ ತಂದೆ ಅವಳ ಶ್ರಾದ್ಧ ಮಾಡುತ್ತಾನೆ. ಇದನ್ನೆಲ್ಲ ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ ತೋರಿಸಲಾಗಿದೆ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಅವಳನ್ನು ಹಿಂದೆ ಬಿಟ್ಟು ನಾಣಿ ಊರಿಗೆ ಹೊರಡುತ್ತಾನೆ. ಆ ರಾತ್ರಿ ಅಮ್ಮನ ಸೆರಗು ಒಣಗಿಯೇ ಇತ್ತು. ಆದರೆ ಅವಳು ಟಿ.ವಿ. ಆರಿಸಿದ ಮೇಲೂ ಬಹಳ ಹೊತ್ತು ಎದ್ದೇಳಲಿಲ್ಲ. ಊಟಕ್ಕೆ ಬಡಿಸು ಎಂದು ಅಪ್ಪ ಎರಡು ಸಲ ಕರೆಯಬೇಕಾಯಿತು. ಅಳುವುದಕ್ಕೂ ಬಿಡದೆ ಕೂರಿಸುವ ಚಿತ್ರ ಎಂದರೆ ಏನೆಂದು ನನಗೆ ತಿಳಿದದ್ದು ಅಂದು.

ಈಗ ನನ್ನ ಮಟ್ಟಿಗೆ ಎರಡೂ ಬೇಕು. ‘ಶರಪಂಜರ’ದ ಗದ್ದಲ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಕಾವೇರಿಯನ್ನು ಮತ್ತೆ ಆಸ್ಪತ್ರೆಗೆ ಕಳಿಸಿದ ಮುಕ್ತಾಯದ ಬಗ್ಗೆಯೂ ನನ್ನ ತಕರಾರಿದೆ. ಅಲ್ಲಿ ನಾವೆಲ್ಲ ಅತ್ತು, ಹಗುರಾಗಿ, ಬಸ್ಸು ಹಿಡಿದು ಮನೆಗೆ ಬರುತ್ತೇವೆ. ಅವಳು ಮನೆಯಲ್ಲೇ ಉಳಿದಿದ್ದರೆ ನಾವು ಅವಳೊಡನೆ ಹೇಗೆ ಬಾಳುತ್ತಿದ್ದೆವು ಎಂಬ ಕಷ್ಟದ ಪ್ರಶ್ನೆ ನಮಗೆ ತಪ್ಪಿಹೋಗುತ್ತದೆ. ಆದರೆ ‘ಘಟಶ್ರಾದ್ಧ’ ತಲುಪದ ಸಾವಿರಾರು ಅಡಿಗೆಮನೆಗಳಿಗೆ ಹೋಗಿ ಆ ನೋಟವನ್ನು ತೋರಿಸಿದ್ದು ‘ಶರಪಂಜರ’ವೇ. ಅಮ್ಮನ ಸೆರಗನ್ನು ನಾನು ನಗುವ ಮೊದಲು, ಅವಳು ಯಾರಿಗಾಗಿ ಅತ್ತಳೆಂದು ಕೇಳಬೇಕಿತ್ತು. ಪಕ್ಕದಲ್ಲಿ ಕೂತಿದ್ದ ತಂಗಿಗಾಗಿ ಎಂದು ಹೇಳುತ್ತಿದ್ದಳೋ ಏನೋ.

ಇಷ್ಟು ಬುದ್ಧಿ ಬಂದ ಮೇಲೂ ನಾನು ಸೋತ ಒಂದು ಪ್ರಸಂಗವನ್ನು ಹೇಳಿ ಮುಗಿಸುತ್ತೇನೆ.

2001ರಲ್ಲಿ ಬಾಣಂತನಕ್ಕೆ ಹರಿಹರಕ್ಕೆ ಬಂದಿದ್ದೆ. ಮಗಳಿಗೆ ಹನ್ನೆರಡು ದಿನ. ಚಿಕ್ಕಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಮಗುವಿಗಾಗಿ ಕೈ ಚಾಚಿದಳು. ನನ್ನ ತೋಳು ತಾನಾಗಿಯೇ ಬಿಗಿಯಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಅವಳು ಅದನ್ನು ಕಂಡಳು. ಆ ನೋಟ ಅವಳಿಗೆ ಹೊಸದಾಗಿರಲಿಲ್ಲ. ಅದು ನನ್ನ ಕಣ್ಣಲ್ಲಿ ಬಂದದ್ದು ಮಾತ್ರ ಹೊಸದು. ಏನೂ ಅನ್ನದೆ ಚಾಪೆಯ ಮೇಲೆ ಕೂತು, ಕಾಲು ಚಾಚಿ, “ಅವಸರಿಲ್ಲವ್ವ” ಎಂದಳು.

ನಾನು ಎದ್ದು ಹೋಗಿ ಮಗುವನ್ನು ಅವಳ ಕಾಲ ಮೇಲೆ ಮಲಗಿಸಿದೆ. ಮರುದಿನದಿಂದ ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಕೆಲಸ ಅವಳದೇ ಆಯಿತು.